ಸ್ಕೋಪ್ ಇಲ್ಲದೆ ಸ್ನೈಪರ್ ಆಗೋಕೆ ಆಗತ್ತಾ? ಸಿಮೋ ಹ್ಯಾಯ್ಹಾ ಕಥೆ, ಆ ಕೆಲಸದ ಒಳಗುಟ್ಟು

ಪ್ರಶ್ನೆ: ನನ್ನ ತಮ್ಮ ಇನ್‌ಫೆಂಟ್ರಿಯಲ್ಲಿದ್ದಾನೆ. ಸ್ನೈಪರ್ ಕೋರ್ಸ್‌ಗೆ ಹೆಸರು ಕೊಡ್ತೀನಿ ಅಂತ ಒಂದೇ ಹಟ. ಫಿನ್‌ಲ್ಯಾಂಡ್‌ನಲ್ಲಿ ಒಬ್ಬ ರೈತ ಟೆಲಿಸ್ಕೋಪೇ ಇಲ್ಲದ ರೈಫಲ್‌ನಲ್ಲಿ 500 ಜನರನ್ನ ಹೊಡೆದಿದ್ದ ಅಂತ ಪ್ರತಿ ಸಲ ಫೋನ್ ಮಾಡ್ದಾಗ್ಲೂ ಹೇಳ್ತಾನೆ. ಇದು ನಿಜಾನಾ? ಗುರಿ ಚೆನ್ನಾಗಿದ್ರೆ ಸಾಕಾ, ಬೇರೆ ಏನಾದ್ರೂ ಬೇಕಾ? ಅಂಥ ಕೆಲಸ ಮಾಡಿದವರು ಆಮೇಲೆ ಮನೆಗೆ ಬಂದು ಹೇಗಿರ್ತಾರೆ?

ಉತ್ತರ: ನಿಮ್ಮ ತಮ್ಮ ಹೇಳ್ತಿರೋ ಮನುಷ್ಯ ಸಿಮೋ ಹ್ಯಾಯ್ಹಾ. ಕಥೆ ಬಹುಪಾಲು ನಿಜ, ಸ್ಕೋಪ್, ಅಂದ್ರೆ ರೈಫಲ್ ಮೇಲೆ ಕೂರಿಸೋ ಟೆಲಿಸ್ಕೋಪ್, ಇರ್ಲಿಲ್ಲ ಅನ್ನೋದಂತೂ ಪಕ್ಕಾ ನಿಜ, ಆ 500 ಅನ್ನೋ ನಂಬರ್ ಬಗ್ಗೆ ಮಾತ್ರ ಆಮೇಲೆ ಹೇಳ್ತೀನಿ, ಯಾಕಂದ್ರೆ ಹುಡುಗರು ಆ ನಂಬರ್‌ಗೆ ಮರುಳಾಗಿ ಬಿಡ್ತಾರೆ, ಆ ಮನುಷ್ಯನಿಂದ ಕಲಿಯೋದು ಏನಿದ್ಯೋ ಅದು ಪಕ್ಕಕ್ಕೆ ಹೋಗತ್ತೆ. ನಾನು ಸುಮಾರು ವರ್ಷ ಸೈನಿಕರಿಗೆ ರೈಫಲ್ ಟ್ರೈನಿಂಗ್ ಕೊಟ್ಟವನು, ಆ ಅನುಭವದ ಮೇಲೆ ಒಂದು ಮಾತು ಮೊದಲೇ ಹೇಳ್ತೀನಿ. ಸ್ನೈಪರ್ ಕೆಲಸದಲ್ಲಿ ಗುಂಡು ಹೊಡೆಯೋದು ಕಟ್ಟಕಡೆಯ ಕೆಲಸ, ಎಲ್ಲಕ್ಕಿಂತ ಚಿಕ್ಕ ಕೆಲಸಾನೂ ಅದೇ. ಅದಕ್ಕೆ ಮುಂಚೆ ಜಾಗ ಓದೋದು, ಕಾಣದ ಹಾಗೆ ಇರೋದು, ಗಂಟೆಗಟ್ಟಲೆ ಅಲ್ಲಾಡದೆ ನೋಡ್ತಾ ಇರೋದು, ಇದೆಲ್ಲ ಇದೆಯಲ್ಲ, ಅಲ್ಲೇ ಇರೋದು ಅಸಲಿ ವಿದ್ಯೆ.

ಹ್ಯಾಯ್ಹಾ ಹುಟ್ಟಿದ್ದು 1905ರ ಡಿಸೆಂಬರ್ 17ಕ್ಕೆ, ರಷ್ಯಾ ಗಡಿಗೆ ಹತ್ತಿರದ ರೌಟ್‌ಯಾರ್ವಿ ಅನ್ನೋ ಊರಲ್ಲಿ. ಹೊಲಗದ್ದೆ ಕೆಲಸ, ಕಾಡಲ್ಲಿ ಬೇಟೆ, ಚಳಿಗಾಲದಲ್ಲಿ ಸ್ಕೀಯಿಂಗ್, ಇದೇ ಬದುಕು. ಎತ್ತರ ಐದಡಿ ಮೂರಿಂಚಿನ ಆಸುಪಾಸು, ಅಂದ್ರೆ ಸಿನಿಮಾ ಹೀರೋ ಲೆವೆಲ್ ಆಳಲ್ಲ. ಹದಿನೇಳನೇ ವಯಸ್ಸಿಗೆ ಅಲ್ಲಿನ ಸಿವಿಲ್ ಗಾರ್ಡ್ ಸೇರಿದ, ಅದು ಊರೂರಿನ ಗಂಡಸರು ಸೇರಿ ಕಟ್ಟಿಕೊಂಡ ಸ್ವಯಂಸೇವಕ ಪಡೆ, ಬಿಡುವಾದಾಗ ಶೂಟಿಂಗ್ ಪ್ರಾಕ್ಟೀಸ್, ಊರೂರಿಗೆ ಪಂದ್ಯ. ನಮ್ಮ ಕೊಡಗಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೆಯೋ ಪಂದ್ಯ ನಡೆಯತ್ತಲ್ಲ, ಹಾಗೆ ಅಲ್ಲಿ ಕೋವಿ ಅನ್ನೋದು ಮನೆ ಬದುಕಿನ ಭಾಗವಾಗಿತ್ತು. ಹ್ಯಾಯ್ಹಾ ಆ ಪಂದ್ಯಗಳಲ್ಲಿ ಬಹುಮಾನದ ಮೇಲೆ ಬಹುಮಾನ ಗೆದ್ದಿದ್ದ. ಅಂದ್ರೆ ಯುದ್ಧ ಶುರುವಾದಾಗ ಅವನಿಗೆ ಮೂವತ್ಮೂರು ಮುಗೀತಾ ಬಂದಿತ್ತು, ಅಷ್ಟೊತ್ತಿಗೆ ರೈಫಲ್ ಹಿಡಿದು ಹದಿನೈದು ವರ್ಷದ ಮೇಲಾಗಿತ್ತು. ಇದನ್ನ ನಿಮ್ಮ ತಮ್ಮನಿಗೆ ಒತ್ತಿ ಹೇಳಿ, ರಾತ್ರೋರಾತ್ರಿ ಆದ ಸ್ನೈಪರ್ ಅಲ್ಲ ಅವನು. ಇಷ್ಟು ಚೆನ್ನಾಗಿ ಹೊಡೆಯೋದು ಹೇಗೆ ಕಲಿತೆ ಅಂತ ವಯಸ್ಸಾದ ಮೇಲೆ ಕೇಳಿದವರಿಗೂ ಅವನು ಹೇಳ್ತಿದ್ದಿದ್ದು ಒಂದೇ ಉತ್ತರ, ಪ್ರಾಕ್ಟೀಸ್.

1939ರ ನವೆಂಬರ್ 30ಕ್ಕೆ ಸೋವಿಯತ್ ಸೇನೆ ಫಿನ್‌ಲ್ಯಾಂಡ್ ಮೇಲೆ ನುಗ್ಗಿತು. 1940ರ ಮಾರ್ಚ್ 13ರವರೆಗೆ, ಒಟ್ಟು 105 ದಿನ ನಡೆದ ಆ ಯುದ್ಧಕ್ಕೆ ವಿಂಟರ್ ವಾರ್ ಅಂತಾರೆ. ಹ್ಯಾಯ್ಹಾನ ಪಾಲಿಗೆ ಬಂದಿದ್ದು ಲಡೋಗಾ ಸರೋವರದ ಉತ್ತರಕ್ಕಿರೋ ಕೊಲ್ಲಾ ಅನ್ನೋ ಸಣ್ಣ ನದಿಯ ದಂಡೆ, 34ನೇ ಇನ್‌ಫೆಂಟ್ರಿ ರೆಜಿಮೆಂಟ್‌ನ 6ನೇ ಕಂಪನಿ. ಕಂಪನಿ ಕಮಾಂಡರ್ ಆರ್ನೆ ಯೂಟಿಲೈನೆನ್, ಹಿಂದೆ ಫ್ರೆಂಚ್ ಫಾರಿನ್ ಲೀಜನ್‌ನಲ್ಲಿದ್ದು (ವಿದೇಶಿಯರನ್ನ ಸೇರಿಸ್ಕೊಳ್ಳೋ ಫ್ರಾನ್ಸ್ ಸೇನೆಯ ದಳ ಅದು) ಮೊರಾಕೊದಲ್ಲಿ ಕಾದಾಡಿ ಬಂದವನು. ಹ್ಯಾಯ್ಹಾನ ಕೈಗುಣ ಏನು ಅಂತ ಅವನಿಗೆ ಬೇಗ ಗೊತ್ತಾಯ್ತು, ನೀನು ಸಾಲಲ್ಲಿ ಎಲ್ಲರ ಜೊತೆ ಕೂರಬೇಡ, ನಿನ್ನ ಪಾಡಿಗೆ ನೀನು ಹೋಗಿ ಹೊಂಚು ಹಾಕು ಅಂತ ಬಿಟ್ಟುಬಿಟ್ಟ. ಒಳ್ಳೆ ಸ್ನೈಪರ್‌ ಹಿಂದೆ ಹೀಗೆ ಹಗ್ಗ ಸಡಿಲ ಬಿಡೋ ಒಬ್ಬ ಆಫೀಸರ್ ಇದ್ದೇ ಇರ್ತಾನೆ, ಇದನ್ನ ಯಾರೂ ಬರೆಯಲ್ಲ.

ಇನ್ನು ಸ್ಕೋಪ್ ವಿಷಯ. ಅವನ ಕೈಲಿದ್ದಿದ್ದು ಎಂ 28-30, ರಷ್ಯಾದ ಮೋಸಿನ್ ನಗಾಂತ್ ರೈಫಲನ್ನ ಫಿನ್‌ಲ್ಯಾಂಡ್‌ನವರು ತಿದ್ದಿ ಒಳ್ಳೆ ಬ್ಯಾರಲ್ ಹಾಕಿ ಮಾಡಿದ್ದು, ಮ್ಯಾಗಜಿನ್‌ನಲ್ಲಿ ಐದು ಗುಂಡು. ಅದರ ಓಪನ್ ಸೈಟ್‌ನಲ್ಲೇ, ಅಂದ್ರೆ ಗಾಜಿಲ್ಲದ ಬರೀ ಲೋಹದ ಗುರಿಪಟ್ಟಿಯಲ್ಲೇ, ಅವನು ಹೊಡೀತಿದ್ದ. ಬಡತನಕ್ಕೆ ಸ್ಕೋಪ್ ಸಿಗ್ಲಿಲ್ಲ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ, ಆದ್ರೆ ಅವನಿಗೆ ಅದು ಬೇಡವೇ ಆಗಿತ್ತು. ಸ್ಕೋಪ್ ಕೂರೋದು ಬ್ಯಾರಲ್ ಮೇಲೆ ಎತ್ತರಕ್ಕೆ, ಅದರೊಳಗೆ ನೋಡ್ಬೇಕು ಅಂದ್ರೆ ತಲೆ ಕೆಲವು ಸೆಂಟಿಮೀಟರ್ ಮೇಲೆತ್ತಲೇಬೇಕು, ಎದುರಿಗಿರೋನು ಕಾದು ಕೂತಿರೋದು ಆ ಕೆಲವು ಸೆಂಟಿಮೀಟರ್‌ಗೇ. ಎರಡನೇದು ಗಾಜು, ಬಿಸಿಲು ಬಿದ್ರೆ ಫಳ್ ಅನ್ನತ್ತೆ, ಒಂದ್ಸಲ ಫಳ್ ಅಂದ್ರೆ ನಿಮ್ಮ ವಿಳಾಸ ಕೊಟ್ಟಂಗೇ. ಮೂರನೇದು ಚಳಿ. ಮೈನಸ್ 20ರಿಂದ ಮೈನಸ್ 40 ಡಿಗ್ರಿವರೆಗೆ ಇಳಿಯೋ ಜಾಗದಲ್ಲಿ ಉಸಿರು ತಾಗಿದ್ರೆ ಸಾಕು, ಗಾಜಿನ ಮೇಲೆ ಮಂಜು ಕಟ್ಟಿ ಏನೂ ಕಾಣಲ್ಲ, ಒರೆಸೋಕೆ ಕೈ ಆಡಿಸಿದ್ರೆ ಆ ಚಲನೆಯೇ ಸಿಕ್ಕಿಹಾಕಿಸತ್ತೆ. ಮೇಲಾಗಿ ಅಲ್ಲಿ ದೂರ ಅಂದ್ರೆ ಕಾಡಿನೊಳಗಿನ ದೂರ, ನೂರೈವತ್ತು, ಇನ್ನೂರು, ಮುನ್ನೂರು ಮೀಟರ್ ಆಸುಪಾಸು. ಅಷ್ಟು ದೂರಕ್ಕೆ ಪಳಗಿದ ಕಣ್ಣಿಗೆ ಓಪನ್ ಸೈಟ್ ಸಾಕು.

ಸಾಕು ಅಂದೆ, ಸುಲಭ ಅನ್ನಲಿಲ್ಲ. 300 ಮೀಟರ್ ಅಂತ ಇಟ್ಕೊಳ್ಳಿ. ಆ ಕಾಲದ ಗುಂಡು ಅಲ್ಲಿಗೆ ಮುಟ್ಟೋಕೆ ಸುಮಾರು ಅರ್ಧ ಸೆಕೆಂಡ್ ತಗೊಳ್ಳತ್ತೆ, ಅಷ್ಟರಲ್ಲಿ ಭೂಮಿಯ ಸೆಳೆತಕ್ಕೆ ಅದು ನಳಿಕೆಯ ನೇರದಿಂದ ಹತ್ರ ಹತ್ರ ಒಂದು ಮೀಟರ್ ಕೆಳಗೆ ಇಳಿದಿರತ್ತೆ. ಸೈಟ್ ಅಡ್ಜಸ್ಟ್ ಮಾಡೋದು ಈ ಇಳಿತವನ್ನ ಸರಿದೂಗಿಸೋಕೇ, ಆದ್ರೆ ದೂರ ಎಷ್ಟು ಅಂತ ನಿಮ್ಮ ಅಂದಾಜು ತಪ್ಪಿದ್ರೆ ಅಡ್ಜಸ್ಟ್ ಮಾಡಿದ್ದೂ ದಂಡ. ಅದೇ ಅರ್ಧ ಸೆಕೆಂಡಲ್ಲಿ ಅಡ್ಡಡ್ಡ ನಡ್ಕೊಂಡು ಹೋಗೋ ಮನುಷ್ಯ ಅರ್ಧ ಮೀಟರ್‌ಗಿಂತ ಜಾಸ್ತಿ ಮುಂದೆ ಹೋಗಿರ್ತಾನೆ. ಜೊತೆಗೆ ಗಾಳಿ ಪಕ್ಕಕ್ಕೆ ತಳ್ಳತ್ತೆ. ಜೊತೆಗೆ ಚಳಿಯಲ್ಲಿ ಗುಂಡಿನೊಳಗಿನ ಸಿಡಿಮದ್ದು ನಿಧಾನ ಉರಿಯತ್ತೆ, ತಣ್ಣನೆ ಗಾಳಿ ದಟ್ಟ ಇರತ್ತೆ, ಎರಡೂ ಸೇರಿ ಗುಂಡು ಬೇಸಿಗೆಯಲ್ಲಿ ಬಿದ್ದ ಜಾಗಕ್ಕಿಂತ ಕೆಳಗೆ ಬೀಳತ್ತೆ. ಇಷ್ಟೆಲ್ಲ ಲೆಕ್ಕಾನ ಯಾವ ಯಂತ್ರವೂ ಇಲ್ಲದೆ ತಲೆಯಲ್ಲೇ ಹಾಕ್ಬೇಕು. ಹ್ಯಾಯ್ಹಾನನ್ನ ಎಷ್ಟೋ ಸಲ ಭೇಟಿ ಮಾಡಿ ಬರೆದ ಫಿನ್‌ಲ್ಯಾಂಡ್ ಸೇನೆಯ ಮೇಜರ್ ಟಾಪಿಯೊ ಸಾರೆಲೈನೆನ್ ಹೇಳೋ ಪ್ರಕಾರ 150 ಮೀಟರ್ ಒಳಗಿನ ದೂರವನ್ನ ಅವನು ಒಂದು ಮೀಟರ್ ಆಚೆ ಈಚೆ ಆಗದ ಹಾಗೆ ಕಣ್ಣಳತೆಯಲ್ಲೇ ಹೇಳ್ತಿದ್ದ. ನನಗೆ ಆ 500 ಅನ್ನೋ ನಂಬರ್‌ಗಿಂತ ಈ ಒಂದು ಮೀಟರ್ ದೊಡ್ಡದಾಗಿ ಕಾಣತ್ತೆ.

ಅವನ ಒಂದು ದಿನ ಹೇಗಿರ್ತಿತ್ತು ಅಂತ ನೋಡಿ. ಡಿಸೆಂಬರ್‌ನಲ್ಲಿ ಆ ಭಾಗದಲ್ಲಿ ಹಗಲು ಅಂತ ಇರೋದೇ ಐದೂವರೆ ಆರು ಗಂಟೆ. ಹಿಂದಿನ ರಾತ್ರಿಯೇ ಹೋಗಿ ಕೂರೋ ಜಾಗ ಸಿದ್ಧ ಮಾಡಿ ಬರೋದು, ಬೆಳಕು ಹರಿಯೋಕೆ ಮುಂಚೆ ಅಲ್ಲಿಗೆ ಸೇರ್ಕೊಳ್ಳೋದು, ಕತ್ತಲಾಗೋವರೆಗೂ ಅಲ್ಲಿಂದ ಏಳೋ ಹಾಗಿಲ್ಲ. ಮೈಮೇಲೆ ಒಂದರ ಮೇಲೊಂದು ಬೆಚ್ಚನೆ ಬಟ್ಟೆ, ಎಲ್ಲದರ ಮೇಲೆ ಬಿಳಿ ಸೂಟ್, ಕೈಗೆ ದಪ್ಪ ಗವಸು, ಜೇಬಲ್ಲಿ ಬ್ರೆಡ್ಡು ಸಕ್ಕರೆ, ಮೈ ಬಿಸಿ ಉಳೀಬೇಕಲ್ಲ ಅದಕ್ಕೆ. ನಳಿಕೆ ಮುಂದಿನ ಹಿಮವನ್ನ ಮೊದಲೇ ತಟ್ಟಿ ಗಟ್ಟಿ ಮಾಡಿಡ್ತಿದ್ದ, ಇಲ್ಲಾಂದ್ರೆ ಗುಂಡು ಹಾರಿದಾಗ ಆ ಗಾಳಿಗೆ ಪುಡಿ ಹಿಮ ಬುಸ್ ಅಂತ ಎದ್ದು ಎಲ್ಲಿಂದ ಬಂತು ಅಂತ ಎಲ್ರಿಗೂ ಗೊತ್ತಾಗತ್ತೆ. ಬಾಯಲ್ಲಿ ಹಿಮದ ತುಂಡು ಇಟ್ಕೊಳ್ತಿದ್ದ, ಬಿಟ್ಟ ಉಸಿರು ಹಬೆಯಾಗಿ ಕಾಣಬಾರದು ಅಂತ. ರೈಫಲ್‌ಗೆ ಎಣ್ಣೆ ಜಾಸ್ತಿ ಹಾಕಿದ್ರೆ ಆ ಚಳಿಗೆ ಅದು ಅಂಟಾಗಿ ಬೋಲ್ಟ್ ಕಚ್ಕೊಳ್ಳತ್ತೆ, ಆದ್ದರಿಂದ ಒರೆಸಿ ಒರೆಸಿ ಒಣಗಿಸಿಡ್ಬೇಕು. ಇಂಥ ಚಿಕ್ಕ ಚಿಕ್ಕ ವಿಷಯ ಬರೀ ಕ್ಲಾಸಿಂದ ಬರಲ್ಲ, ಆ ಕಾಡು, ಆ ಹಿಮ ಅವನ ಊರಿನಂಥದ್ದೇ, ಚಿಕ್ಕಂದಿನಿಂದ ಬೇಟೆಗೆ ಹೋಗಿ ಹೋಗಿ ಬಂದ ತಿಳುವಳಿಕೆ.

ಟ್ರಿಗರ್ ವಿಷಯಕ್ಕೆ ಬರ್ತೀನಿ, ನಿಮ್ಮ ತಮ್ಮನಿಗೆ ಇದು ಗೊತ್ತಿರತ್ತೆ, ಆದ್ರೂ. ಫೈರಿಂಗ್ ರೇಂಜಲ್ಲಿ ಹೊಸ ಹುಡುಗರು ಕೆಡಿಸ್ಕೊಳ್ಳೋದು ಗುರಿ ಇಡೋದ್ರಲ್ಲಿ ಅಲ್ಲ, ಟ್ರಿಗರ್ ಎಳೆಯೋದ್ರಲ್ಲಿ. ಸದ್ದು ಬರತ್ತೆ, ಭುಜಕ್ಕೆ ಒದೆಯತ್ತೆ ಅಂತ ಮನಸ್ಸು ಮುಂಚೇನೇ ಹೆದರಿ ಬೆರಳು ಜಗ್ಗಿಬಿಡತ್ತೆ, ಟಾರ್ಗೆಟ್‌ನಲ್ಲಿ ನೋಡಿದ್ರೆ ಗುಂಡು ಕೆಳಗೆ ಮೂಲೆಗೆ ಹೋಗಿರತ್ತೆ. ಅದಕ್ಕೆ ನಾವು ಖಾಲಿ ರೈಫಲ್ ಕೊಟ್ಟು ಬ್ಯಾರಲ್ ತುದಿ ಮೇಲೆ ಒಂದು ನಾಣ್ಯ ಇಟ್ಟು ಟ್ರಿಗರ್ ಒತ್ತಿಸೋದು, ನಾಣ್ಯ ಬೀಳದೆ ಕ್ಲಿಕ್ ಅನ್ನೋವರೆಗೂ. ಒಬ್ಬೊಬ್ಬನಿಗೆ ಇದು ಬರೋಕೇ ವಾರಗಟ್ಟಲೆ ಬೇಕು. ಉಸಿರು ಅರ್ಧ ಬಿಟ್ಟು ನಿಲ್ಲಿಸಿ, ಫೋರ್‌ಸೈಟ್ ಟಿಪ್ (ನಳಿಕೆ ತುದಿಯಲ್ಲಿರೋ ಗುರಿಕಡ್ಡಿ) ಮೇಲೆ ಕಣ್ಣಿಟ್ಟು, ಬೆರಳ ತುದಿಯಿಂದ ಎಷ್ಟು ಮೆಲ್ಲಗೆ ಒತ್ತಬೇಕು ಅಂದ್ರೆ ಗುಂಡು ಯಾವಾಗ ಹಾರಿತು ಅನ್ನೋದು ನಿಮಗೇ ಆಶ್ಚರ್ಯ ಆಗ್ಬೇಕು. ಹ್ಯಾಯ್ಹಾ ಇದನ್ನ ಮೈನಸ್ 30ರಲ್ಲಿ, ಸ್ಪರ್ಶವೇ ಹೋದ ಬೆರಳಲ್ಲಿ ಮಾಡ್ತಿದ್ದ.

ನೋಡೋ ವಿದ್ಯೆ ಬಗ್ಗೆ ಒಂದು ಹಳೇ ಸಂಗತಿ ಹೇಳ್ಲೇಬೇಕು, ಇದು ಮೊದಲನೇ ಮಹಾಯುದ್ಧದ್ದು. 1915ರಲ್ಲಿ ಫ್ರಾನ್ಸ್‌ನ ಟ್ರೆಂಚ್‌ಗಳಲ್ಲಿ ಜರ್ಮನ್ ಸ್ನೈಪರ್‌ಗಳ ಕಾಟಕ್ಕೆ ಬ್ರಿಟಿಷರು ತಲೆ ಎತ್ತೋ ಹಾಗಿರ್ಲಿಲ್ಲ. ಹೆಸ್ಕೆತ್ ಪ್ರಿಚರ್ಡ್ ಅನ್ನೋ ಆಫೀಸರ್, ಆತನೂ ಬೇಟೆಗಾರನೇ, ಕಾಗದದ ರದ್ದಿಯಲ್ಲಿ ಸೈನಿಕನ ತಲೆ ಮಾಡಿಸಿ, ಬಣ್ಣ ಹಚ್ಚಿಸಿ, ಕೋಲಿಗೆ ಸಿಕ್ಕಿಸಿ ಟ್ರೆಂಚ್ ಮೇಲೆ ಮೆಲ್ಲಗೆ ಎತ್ತಿಸ್ತಿದ್ದ. ನಂಬಿಕೆ ಬರ್ಲಿ ಅಂತ ಬಾಯಿಗೆ ಹೊತ್ತಿಸಿದ ಸಿಗರೇಟ್ ಬೇರೆ, ಕೆಳಗೆ ಕೂತವನೊಬ್ಬ ರಬ್ಬರ್ ಟ್ಯೂಬಲ್ಲಿ ಅದನ್ನ ಎಳೀತಾ ಹೊಗೆ ಬಿಡಿಸೋನು. ಆ ಕಡೆಯವನು ಹೊಡೆದ ಅಂದ್ರೆ ಗುಂಡು ತಲೆಯ ಮುಂದಿಂದ ಹೊಕ್ಕು ಹಿಂದಿಂದ ಹೊರಗೆ ಬಂದಿರತ್ತೆ, ತಲೆಯನ್ನ ಇಳಿಸಿ ಆ ಎರಡು ತೂತುಗಳ ನೇರಕ್ಕೆ ಪೆರಿಸ್ಕೋಪ್ ಹಿಡಿದು ನೋಡಿದ್ರೆ ಗುಂಡು ಬಂದ ಜಾಗ ಸೀದಾ ಕಣ್ಣಿಗೆ ಬೀಳ್ತಿತ್ತು. ಒಂದು ಗುಂಡು ಹೊಡೆದ ತಪ್ಪಿಗೆ ಸ್ನೈಪರ್ ಸಿಕ್ಕಿಬಿದ್ದ. ಇದೇ ಪ್ರಿಚರ್ಡ್ 1916ರಲ್ಲಿ ಲಿಂಗೆಮ್ ಅನ್ನೋ ಊರಲ್ಲಿ ಒಂದು ಸ್ಕೂಲ್ ನಡೆಸಿದ, ಅಲ್ಲಿ ಶೂಟಿಂಗ್ ಜೊತೆ ಸರಿಸಮವಾಗಿ ಅಬ್ಸರ್ವೇಶನ್ನು, ಸ್ಕೌಟಿಂಗೂ ಪಾಠ. ಈಗಲೂ ಸ್ನೈಪರ್ ಟ್ರೈನಿಂಗಲ್ಲಿ ಒಂದು ತಟ್ಟೆಯಲ್ಲಿ ಹತ್ತಾರು ಸಣ್ಣ ಸಾಮಾನು ಜೋಡಿಸಿ, ಒಂದು ನಿಮಿಷ ತೋರಿಸಿ, ಬಟ್ಟೆ ಮುಚ್ಚಿ, ಏನೇನಿತ್ತು ಬರೆ ಅಂತಾರೆ. ಕೆಲವು ಸಲ ತಕ್ಷಣ ಬರೆಸಲ್ಲ, ಓಡಿಸಿ ಸುಸ್ತು ಮಾಡಿಸಿ ಆಮೇಲೆ ಕೇಳ್ತಾರೆ. ತುಂಬಾ ಜನ ಒಳ್ಳೆ ಶೂಟರ್‌ಗಳು ಎಡವೋದು ಇಲ್ಲೇ. ಈಗಿನ ಸ್ನೈಪರ್ ಒಬ್ಬನೇ ಹೋಗೋದೂ ಕಮ್ಮಿ, ಜೊತೆಗೆ ಸ್ಪಾಟರ್ ಇರ್ತಾನೆ, ಗಾಳಿ, ದೂರ, ಗುಂಡು ಎಲ್ಲಿ ಬಿತ್ತು ಅಂತ ಹೇಳೋನು ಅವನೇ. ಎಷ್ಟೋ ದಿನ ಇಬ್ಬರೂ ಒಂದು ಗುಂಡೂ ಹೊಡೀದೆ ಬರೀ ನೋಡಿದ್ದನ್ನ ಬರ್ಕೊಂಡು ವಾಪಸ್ ಬರ್ತಾರೆ, ಆ ಮಾಹಿತಿಯಿಂದ ಇಡೀ ಕಂಪನಿ ಜೀವ ಉಳಿಯತ್ತೆ.

ಈಗ ಆ 500. 1940ರ ಫೆಬ್ರವರಿ 17ಕ್ಕೆ ಹ್ಯಾಯ್ಹಾನಿಗೆ ಒಂದು ರೈಫಲ್ ಬಹುಮಾನ ಕೊಟ್ಟು ಸನ್ಮಾನ ಮಾಡಿದ್ರು, ಡಿವಿಷನ್ ಕಮಾಂಡರ್ ಆಂಟೆರೊ ಸ್ವೆನ್ಸನ್ ಅವತ್ತು ಹೇಳಿದ ಲೆಕ್ಕ ರೈಫಲ್‌ನಿಂದ 219, ಹೆಚ್ಚುಕಮ್ಮಿ ಅಷ್ಟೇ ಜನ ಸಬ್‌ಮಷಿನ್‌ಗನ್‌ನಿಂದ. ಅಂದ್ರೆ ಎಲ್ಲ 500ನ್ನೂ ಸ್ಕೋಪಿಲ್ಲದ ರೈಫಲ್‌ ಲೆಕ್ಕಕ್ಕೆ ಹಾಕೋದು ತಪ್ಪು. ಫಿನ್‌ಲ್ಯಾಂಡ್‌ನ ಇತಿಹಾಸಕಾರ ರಿಸ್ಟೊ ಮಾರ್ಯೊಮಾ ಇನ್ನೂ ಹುಷಾರಿ, ಸತ್ತವರ ದೇಹ ಎಣಿಸಿ ಖಾತ್ರಿ ಮಾಡ್ಕೊಳ್ಳೋಕೆ ಅಲ್ಲಿ ಆಗ್ತಿರ್ಲಿಲ್ಲ ಅಂತ ಇನ್ನೂರಕ್ಕೂ ಹೆಚ್ಚು ಅಂತ ಮಾತ್ರ ಬರೀತಾರೆ. ಹ್ಯಾಯ್ಹಾ ತಾನೇ ಬರೆದಿಟ್ಟ ಒಂದು ನೋಟ್‌ಬುಕ್ 2017ರಲ್ಲಿ ಬೆಳಕಿಗೆ ಬಂತು, ಅದರಲ್ಲಿ ಅವನದೇ ಅಂದಾಜು ಸುಮಾರು 500, ಆ ಲೆಕ್ಕವನ್ನ ಅವನು ಕರೆದಿರೋದು ಪಾಪಗಳ ಪಟ್ಟಿ ಅಂತ. ಅದೇ ನೋಟ್‌ಬುಕ್‌ನಲ್ಲಿ ಇನ್ನೊಂದು ಪ್ರಸಂಗ ಇದೆ. 1939ರ ಕ್ರಿಸ್‌ಮಸ್ ಆದಮೇಲೆ ಇವರು ಒಬ್ಬ ರಷ್ಯನ್ ಸೈನಿಕನನ್ನ ಹಿಡಿದ್ರಂತೆ, ಕಣ್ಣಿಗೆ ಬಟ್ಟೆ ಕಟ್ಟಿ, ದಿಕ್ಕು ತಪ್ಪಲಿ ಅಂತ ಗಿರಗಿರ ತಿರುಗಿಸಿ, ಕಮಾಂಡರ್ ಯೂಟಿಲೈನೆನ್ ಟೆಂಟಲ್ಲಿ ನಡೀತಿದ್ದ ಪಾರ್ಟಿಗೆ ಕರ್ಕೊಂಡು ಹೋದ್ರಂತೆ, ಅವನು ಖುಷಿಯಾಗಿ ಎಲ್ಲರ ಜೊತೆ ಸೇರ್ಕೊಂಡು, ವಾಪಸ್ ಕಳಿಸುವಾಗ ಬೇಜಾರು ಮಾಡ್ಕೊಂಡನಂತೆ. ಅವತ್ತು ಸೈಟಿನೊಳಗೆ ಕಂಡಿದ್ದಿದ್ರೆ ಅವನೂ ಪಟ್ಟಿಯಲ್ಲಿ ಇನ್ನೊಂದು ನಂಬರ್ ಆಗ್ತಿದ್ದ.

ಅದಕ್ಕೇ ನನಗೆ ಯಾರಾದ್ರೂ ಆ ಸಂಖ್ಯೆಯನ್ನ ಕ್ರಿಕೆಟ್ ರನ್ ಥರ ಹೇಳಿದ್ರೆ ಮನಸ್ಸಿಗೆ ನೋವಾಗತ್ತೆ. ಎದುರಿಗೆ ಬಂದ ಸೋವಿಯತ್ ಹುಡುಗರಲ್ಲಿ ಎಷ್ಟೋ ಜನಕ್ಕೆ ಶುರುವಿನಲ್ಲಿ ಬಿಳಿ ಸೂಟೂ ಕೊಟ್ಟಿರ್ಲಿಲ್ಲ, ಹಿಮದ ಮೇಲೆ ಖಾಕಿ ಕೋಟಲ್ಲಿ ನಡೆಸಿದ್ರು. 105 ದಿನದಲ್ಲಿ ಅವರ ಕಡೆ ಸತ್ತವರು ಒಂದು ಲಕ್ಷದ ಇಪ್ಪತ್ತು ಸಾವಿರ ದಾಟತ್ತೆ, ಫಿನ್‌ಲ್ಯಾಂಡ್ ಕಡೆ ಸುಮಾರು ಇಪ್ಪತ್ತೈದು ಸಾವಿರ. ಹ್ಯಾಯ್ಹಾ ಕಾದಿದ್ದು ತನ್ನ ಮನೆ ಬಾಗಿಲಿಗೆ ಬಂದ ಯುದ್ಧದಲ್ಲಿ, ಅವನು ಮಾಡಿದ್ದು ಸರಿ ಅಂತಾನೇ ನಾನೂ ನಂಬ್ತೀನಿ, ಆದ್ರೂ ಸತ್ತವರಲ್ಲಿ ಹೆಚ್ಚಿನವರು ಕಡ್ಡಾಯವಾಗಿ ಸೇನೆಗೆ ಸೇರಿಸಿದ ಸಾಮಾನ್ಯ ಜನ ಅನ್ನೋದನ್ನ ಮರೀಬಾರದು.

ಮನೆಗೆ ಬಂದಮೇಲೆ ಹೇಗಿರ್ತಾರೆ ಅಂತ ಕೇಳಿದ್ರಲ್ಲ. 1940ರ ಮಾರ್ಚ್ 6ಕ್ಕೆ ಒಂದು ಸ್ಫೋಟಕ ಗುಂಡು ಹ್ಯಾಯ್ಹಾನ ಎಡ ದವಡೆಗೆ ಬಿತ್ತು, ಮುಖದ ಒಂದು ಕಡೆ ಕಿತ್ತೇ ಹೋಯ್ತು. ಪ್ರಜ್ಞೆ ಬಂದಿದ್ದು ಮಾರ್ಚ್ 13ಕ್ಕೆ, ಯುದ್ಧ ನಿಂತ ದಿನವೇ. ಆಮೇಲೆ ಸರ್ಜರಿ ಮೇಲೆ ಸರ್ಜರಿ. ಫಿನ್‌ಲ್ಯಾಂಡ್ ಸೇನೆಯ ಮುಖ್ಯಸ್ಥ ಮಾರ್ಷಲ್ ಮಾನರ್‌ಹೈಮ್ ಅವನನ್ನ ಒಂದೇ ಏಟಿಗೆ ಕಾರ್ಪೊರಲ್‌ನಿಂದ ಸೆಕೆಂಡ್ ಲೆಫ್ಟಿನೆಂಟ್ ಮಾಡಿದ್ರು. 1941ರಲ್ಲಿ ಮತ್ತೆ ಯುದ್ಧ ಶುರುವಾದಾಗ ಹೋಗ್ತೀನಿ ಅಂದ, ಗಾಯದ ಕಾರಣಕ್ಕೆ ಬೇಡ ಅಂದ್ರು. ರುವೊಕೊಲಾಹ್ತಿಯಲ್ಲಿ ಹೊಲ ನೋಡ್ಕೊಂಡು, ಮೂಸ್ ಅನ್ನೋ ದೊಡ್ಡ ಜಿಂಕೆ ಬೇಟೆ ಆಡ್ಕೊಂಡು, ಬೇಟೆ ನಾಯಿ ಸಾಕ್ಕೊಂಡು ಇದ್ದ, ಯುದ್ಧದ ಬಗ್ಗೆ ಮಾತಾಡ್ತಾನೇ ಇರ್ಲಿಲ್ಲ. ಪಶ್ಚಾತ್ತಾಪ ಇದ್ಯಾ ಅಂದವರಿಗೆ ನನಗೆ ಹೇಳಿದ ಕೆಲಸವನ್ನ ಆದಷ್ಟು ಚೆನ್ನಾಗಿ ಮಾಡಿದೆ ಅನ್ನೋ ಅರ್ಥದ ಮಾತು ಹೇಳಿ ಮುಗಿಸ್ತಿದ್ದ. 2002ರ ಏಪ್ರಿಲ್ 1ಕ್ಕೆ ತೀರಿಕೊಂಡಾಗ 96 ವರ್ಷ. ಎಲ್ಲರಿಗೂ ಹೀಗೇ ಆಗತ್ತೆ ಅಂತ ನಾನು ಹೇಳಲ್ಲ. ಪದಾತಿ ದಳದಲ್ಲಿ ಹೆಚ್ಚಿನವರು ಗುಂಡು ಹೊಡೆಯೋದು ಆ ಕಡೆಗೆ, ಸ್ನೈಪರ್ ಹೊಡೆಯೋದು ಒಬ್ಬ ಮನುಷ್ಯನಿಗೆ, ಅವನು ಟೀ ಕುಡೀತಿರೋದನ್ನ, ಪಕ್ಕದವನ ಜೊತೆ ನಗ್ತಿರೋದನ್ನ ನೋಡಿ ಆಮೇಲೆ. ಆ ಭಾರ ಕೆಲವರಿಗೆ ವರ್ಷಗಳಾದ ಮೇಲೆ ನಿದ್ದೆಯಲ್ಲಿ ಬರತ್ತೆ.

ಗಂಡಸರದೇ ಕೆಲಸ ಅಂತಾನೂ ಅಂದ್ಕೋಬೇಡಿ. ಕೀವ್ ಯೂನಿವರ್ಸಿಟಿಯಲ್ಲಿ ಇತಿಹಾಸ ಓದ್ತಿದ್ದ ಲ್ಯುಡ್ಮಿಲಾ ಪಾವ್ಲಿಚೆಂಕೊ ಎರಡನೇ ಮಹಾಯುದ್ಧದಲ್ಲಿ ಒಡೆಸ್ಸಾ, ಸೆವಾಸ್ಟೊಪೋಲ್‌ನಲ್ಲಿ ಜರ್ಮನ್, ರೊಮೇನಿಯನ್ ಸೇನೆಗಳ ವಿರುದ್ಧ ಸೋವಿಯತ್ ಕಡೆಯ ಸ್ನೈಪರ್ ಆಗಿದ್ಲು, ಅಧಿಕೃತ ಲೆಕ್ಕ 309. 1942ರಲ್ಲಿ ಅಮೆರಿಕಕ್ಕೆ ಹೋದಾಗ ಅಲ್ಲಿನ ಪತ್ರಕರ್ತರು ಕೇಳಿದ್ದು ಯುದ್ಧಕ್ಕೆ ಲಿಪ್‌ಸ್ಟಿಕ್ ಹಚ್ಕೊಂಡು ಹೋಗ್ತೀರಾ ಅಂತ. ಯುದ್ಧ ಮುಗಿದ ಮೇಲೆ ಓದು ಮುಗಿಸಿ ಇತಿಹಾಸಕಾರ್ತಿಯಾದ್ಲು. ನಮ್ಮಲ್ಲೂ 2024ರಲ್ಲಿ ಬಿಎಸ್‌ಎಫ್‌ನ ಮೊದಲ ಮಹಿಳಾ ಸ್ನೈಪರ್ ಇಂದೋರ್‌ನಲ್ಲಿ ಎಂಟು ವಾರದ ಕೋರ್ಸ್ ಮುಗಿಸಿ ಬಂದ್ರು.

ಕಡೆಗೆ ನಿಮ್ಮ ತಮ್ಮನ ವಿಷಯ. ನಮ್ಮ ಸೇನೆಯ ಸ್ನೈಪರ್ ಕೋರ್ಸ್ ಮಧ್ಯಪ್ರದೇಶದ ಮಹೂನಲ್ಲಿರೋ ಇನ್‌ಫೆಂಟ್ರಿ ಸ್ಕೂಲಲ್ಲಿ ನಡೆಯತ್ತೆ, ಯೂನಿಟ್ ಮೂಲಕವೇ ಹೆಸರು ಹೋಗ್ಬೇಕು. ಬಹಳ ಕಾಲ ನಮ್ಮವರ ಕೈಲಿದ್ದಿದ್ದು ರಷ್ಯಾದ ಡ್ರಾಗುನೋವ್, ಈಚೆಗೆ ಎಲ್‌ಒಸಿಯಲ್ಲಿ ಫಿನ್‌ಲ್ಯಾಂಡ್‌ನ ಸಾಕೋ ಕಂಪನಿಯ ಟಿಆರ್‌ಜಿ 42 ಬಂದಿದೆ. ಈ ಸಾಕೋ ಶುರುವಾಗಿದ್ದೇ ಸಿವಿಲ್ ಗಾರ್ಡ್‌ನ ಬಂದೂಕು ವರ್ಕ್‌ಶಾಪ್ ಆಗಿ, ಹ್ಯಾಯ್ಹಾ ಹಿಡಿದ ಎಂ 28-30 ರೈಫಲ್ ಬಂದಿದ್ದೂ ಆ ಮನೆಯಿಂದಲೇ, ಇದನ್ನ ಕೇಳಿದ್ರೆ ನಿಮ್ಮ ತಮ್ಮನಿಗೆ ಖುಷಿಯಾಗತ್ತೆ. ಈಗಿಂದಲೇ ಮಾಡಬಹುದಾದ ಕೆಲಸ ಅಂದ್ರೆ ಮೊದಲು ಕಣ್ಣು ಪರೀಕ್ಷೆ ಮಾಡಿಸಲಿ. ಜೇಬಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಕೊಂಡು, ಎಲ್ಲೇ ನಿಂತ್ರೂ ಆ ಮರ ಎಷ್ಟು ಮೀಟರ್, ಆ ಕಂಬ ಎಷ್ಟು ಅಂತ ಬರ್ಕೊಂಡು ಆಮೇಲೆ ಹೆಜ್ಜೆ ಹಾಕಿ ಅಳೆದು ನೋಡಲಿ. ಮೊಬೈಲ್ ಮುಟ್ಟದೆ ಒಂದು ಗಂಟೆ ಒಂದೇ ಕಡೆ ಅಲ್ಲಾಡದೆ ಕೂತು ಎದುರಿಗೆ ಏನೇನಾಯ್ತು ಅಂತ ಬರೀಲಿ, ಇದು ಆಗ್ತಿಲ್ಲ ಅಂದ್ರೆ ಕೋರ್ಸಲ್ಲಿ ಕಷ್ಟ ಇದೆ. ಸಿಗರೇಟ್ ಅಭ್ಯಾಸ ಇದ್ರೆ ಇವತ್ತೇ ಬಿಡೋಕೆ ಹೇಳಿ, ಕೈ ನಡುಗತ್ತೆ, ರಾತ್ರಿ ಕಿಡಿ ಕಾಣತ್ತೆ, ವಾಸನೆ ಬಲು ದೂರ ಹೋಗತ್ತೆ.